ಉತ್ಸಾಹವೆಂಬ ಮಾತು



ಸಭೆಯಲ್ಲಿ ಜೋರಾಗಿ ಘೋಷಣೆ ಕೂಗುವವನನ್ನು ಕಂಡು ‘ಎಂಥ ಉತ್ಸಾಹಿ!’ ಎನ್ನುತ್ತೇವೆ. ಆ ಪದದ ಬೇರು ಬೇರೆಯೇ ಹೇಳುತ್ತದೆ. ಸಂಸ್ಕೃತದ ‘ಸಹ್’ ಎಂದರೆ ತಾಳಿಕೊಳ್ಳು, ಎದುರಿಸಿ ನಿಲ್ಲು. ‘ಸಹನೆ’ಯೂ ಅದೇ ಬೇರಿನ ಚಿಗುರು. ಭರತನ ನಾಟ್ಯಶಾಸ್ತ್ರದಲ್ಲಿ ಉತ್ಸಾಹವು ವೀರರಸದ ಸ್ಥಾಯಿಭಾವ; ಸ್ಥಾಯಿ ಎಂದರೆ ಬಂದು ಹೋಗದೆ ನೆಲೆನಿಂತದ್ದು.

ಹುರುಪು, ಹುಮ್ಮಸ್ಸುಗಳೂ ಬೇಕು. ಕೆಲಸಕ್ಕೆ ಕೈಹಚ್ಚಿಸುವುದು ಅವೇ. ಆದರೆ ಸಂಘದ ಮೊದಲ ಸಭೆಗೆ ತುಂಬಿ ಬಂದವರು ಮಳೆಗಾಲದ ಹತ್ತನೆಯ ಸಭೆಗೂ ಬಂದರೆ ಅದು ಉತ್ಸಾಹ. ತಿಂಗಳು ತಿಂಗಳೂ ಚಂದಾ ಎತ್ತುವವನು, ಲೆಕ್ಕ ಬರೆಯುವವನು, ಕಾಯಿಲೆ ಬಿದ್ದ ಜೊತೆಗಾರಳ ಮನೆಗೆ ಹೋಗಿಬರುವವಳು, ಇವರಾರೂ ಕೂಗುವುದಿಲ್ಲ. ಇನ್ನು ಮುಂದೆ ಇವರನ್ನೂ ಉತ್ಸಾಹಿಗಳೆಂದು ಕರೆಯೋಣ. ಸಂಘ ಉಳಿಯುವುದು ಇವರಿಂದಲೇ.