ನೋಯುವ ಬೆನ್ನು ಮತ್ತು ಹಿಮದ ಇಳಿಜಾರು

ಮಳೆ, ಸೆಕೆ, ಕೆಮ್ಮಣ್ಣುಗಳ ನಾಡಿನಲ್ಲಿ ಬೆಳೆದವರಿಗೆ ಹಿಮವೆಂಬುದು ಬಹುಕಾಲ ಪಠ್ಯಪುಸ್ತಕದ ಚಿತ್ರವಾಗಿಯೇ ಉಳಿದಿತ್ತು. ಈಗ ಹಾಗಿಲ್ಲ. ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ 2020ರಿಂದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟಗಳು ನಡೆಯುತ್ತಿವೆ. ಕೊಡಗಿನ ತೆಕ್ಕಡ ಭವಾನಿಯವರು ಸ್ಕೀಯಿಂಗ್‌ನಲ್ಲಿ ಭಾರತವನ್ನು ಪ್ರತಿನಿಧಿಸಿದ್ದಾರೆ. ಗುಲ್ಮಾರ್ಗ್‌ಗೋ ಉತ್ತರಾಖಂಡದ ಔಲಿಗೋ ಪ್ರವಾಸ ಹೋಗುವ ದಕ್ಷಿಣದ ಕುಟುಂಬಗಳಲ್ಲಿ ಮಕ್ಕಳು ಸ್ಕೀ ಕಲಿಯಬೇಕೆಂದು ಹಟ ಹಿಡಿಯುತ್ತಾರೆ. ಜೊತೆಗೆ ಹೋದ ತಂದೆತಾಯಿಯರೂ ಒಂದು ಕೈ ನೋಡೋಣವೆಂದು ಬಾಡಿಗೆಯ ಬೂಟು ತೊಡುತ್ತಾರೆ. ಅವರಲ್ಲಿ ಹಲವರು ವರ್ಷಗಳಿಂದ ಬೆನ್ನುನೋವನ್ನು ಹೊತ್ತವರು. ಅಂಥವರು ಬೆಂಚಿನ ಮೇಲೆ ಕುಳಿತು ನೋಡುವುದಕ್ಕಷ್ಟೇ ಅರ್ಹರೇ?

ಹಾಗೇನೂ ಇಲ್ಲ. ಮೂರು ತಿಂಗಳಿಗೂ ಮೀರಿ ಉಳಿಯುವ ನೋವನ್ನು ವೈದ್ಯರು ದೀರ್ಘಕಾಲದ ನೋವೆನ್ನುತ್ತಾರೆ. ಇಂಥ ಸೊಂಟನೋವಿನ ಕುರಿತು ವಿಶ್ವ ಆರೋಗ್ಯ ಸಂಸ್ಥೆಯು 2023ರ ಡಿಸೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯು ವ್ಯಾಯಾಮವನ್ನು ಶಿಫಾರಸು ಮಾಡುತ್ತದೆ. ಸೊಂಟದ ಪಟ್ಟಿಯನ್ನು ವಾಡಿಕೆಯ ಚಿಕಿತ್ಸೆಯಾಗಿ ಬಳಸುವುದನ್ನು ಒಪ್ಪುವುದಿಲ್ಲ. ಆದರೆ ನೋವು ಕಾಲಿಗಿಳಿದು ಮರಗಟ್ಟುತ್ತಿದ್ದರೆ, ಪಾದದಲ್ಲಿ ಬಲ ಕುಂದಿದ್ದರೆ, ಮೂತ್ರ ಅಥವಾ ಮಲದ ಹಿಡಿತ ತಪ್ಪಿದ್ದರೆ, ಆಟದ ಮಾತನ್ನು ಬಿಟ್ಟು ತಡಮಾಡದೆ ವೈದ್ಯರನ್ನು ಕಾಣಬೇಕು. ಉಳಿದವರೂ ಊರು ಬಿಡುವ ಮೊದಲೇ ವೈದ್ಯರ ಒಪ್ಪಿಗೆ ಪಡೆಯುವುದು ಲೇಸು. ಆ ಬಳಿಕದ ಪ್ರಶ್ನೆ ಸಲಕರಣೆಯದು.

ಮೊದಲ ಗಮನ ಬೂಟಿಗೆ ಸಲ್ಲಬೇಕು. ಸ್ಕೀ ಬೂಟು ಗಟ್ಟಿ ಪ್ಲಾಸ್ಟಿಕ್ಕಿನದು. ಜೋಡಿಗೆ ಸುಮಾರು 4 ಕಿಲೋ ತೂಗುತ್ತದೆ. ಅದು ಎಷ್ಟು ಬಿಗಿ ಎಂಬುದನ್ನು ಫ್ಲೆಕ್ಸ್ ಎಂಬ ಅಂಕ ಸೂಚಿಸುತ್ತದೆ. 60ರಿಂದ 80ರವರೆಗಿನದು ಮೆದು, 120 ದಾಟಿದ್ದು ಪಳಗಿದವರಿಗೆ. ಈ ಅಂಕ ಎಲ್ಲ ತಯಾರಕರಲ್ಲಿ ಒಂದೇ ಅಳತೆಯದಲ್ಲ, ಚಳಿ ಹೆಚ್ಚಿದಂತೆ ಪ್ಲಾಸ್ಟಿಕ್ಕೂ ಬಿರುಸಾಗುತ್ತದೆ. ಆದುದರಿಂದ ಅಂಕವನ್ನು ನಂಬಿ ಕೂರದೆ ತೊಟ್ಟು ನೋಡಬೇಕು. ತೊಟ್ಟು ನಿಂತು ಮೊಣಕಾಲನ್ನು ಮುಂದಕ್ಕೆ ಒತ್ತಿದಾಗ ಕಣಕಾಲು ಬಾಗದಿದ್ದರೆ ಆ ಕೆಲಸ ಸೊಂಟದ ಪಾಲಿಗೆ ಬರುತ್ತದೆ. ಅತಿಯಾಗಿ ಮುಂದಕ್ಕೆ ವಾಲಿದ ಬೂಟೂ ಹಾಗೆಯೇ ಸೊಂಟವನ್ನು ದಣಿಸುತ್ತದೆ. ಒಳಗಿನ ಮೆತ್ತೆಯನ್ನು ತೆಗೆದು ಬರಿಯ ಚಿಪ್ಪಿನಲ್ಲಿ ಕಾಲಿಟ್ಟು, ಬೆರಳುಗಳು ಮುಂದಕ್ಕೆ ತಾಗಿದಾಗ ಹಿಮ್ಮಡಿಯ ಹಿಂದೆ ಒಂದೂವರೆಯಿಂದ ಎರಡು ಸೆಂಟಿಮೀಟರ್ ಜಾಗ ಉಳಿದರೆ ಅಳತೆ ಸರಿ. ಬಕಲ್ ಬಿಗಿಯುವಾಗ ನೆಲದತ್ತ ಬಗ್ಗಬಾರದು; ಎತ್ತರದ ಬೆಂಚಿನ ಮೇಲೆ ಕುಳಿತು, ಕಾಲನ್ನು ಮಣೆಯ ಮೇಲಿರಿಸಿ ಕೈಯ ಹತ್ತಿರಕ್ಕೆ ತಂದುಕೊಳ್ಳಬೇಕು. ಹಿಂಬದಿಯಿಂದ ತೆರೆದುಕೊಳ್ಳುವ ಬೂಟುಗಳು 1980ರ ದಶಕದಲ್ಲಿ ಜನಪ್ರಿಯವಾಗಿದ್ದು ಆಮೇಲೆ ಮರೆಯಾದವು. ಈಚೆಗೆ ಮತ್ತೆ ಬಂದಿವೆ. ಅಂಗಡಿಯಲ್ಲಿ ಅವು ದೊರೆತರೆ ಬಗ್ಗಲಾಗದವರಿಗೆ ಅನುಕೂಲ.

ಹಲಗೆಯ ವಿಷಯದಲ್ಲಿ ಉದ್ದವೇ ಪ್ರತಿಷ್ಠೆಯೆಂಬ ಭ್ರಮೆ ಬೇಡ. ನಡು ಕಿರಿದಾಗಿ ತುದಿಗಳು ಅಗಲವಾದ ಹಲಗೆಗಳು 1990ರ ದಶಕದಲ್ಲಿ ಬಳಕೆಗೆ ಬಂದ ಮೇಲೆ ತಿರುವು ತೆಗೆಯಲು ಮೈಯನ್ನು ಹಿಂಡಬೇಕಾದ ಶ್ರಮ ತಗ್ಗಿದೆ. ಹೊಸಬರಿಗೆ ಗಲ್ಲದ ಎತ್ತರದ, ಮೆದುವಾಗಿ ಬಾಗುವ, ನಡುವಿನಲ್ಲಿ 70ರಿಂದ 80 ಮಿಲಿಮೀಟರ್ ಅಗಲದ ಹಲಗೆ ಸಾಕು. ಹೆಚ್ಚು ಅಗಲದ್ದು ಆಳವಾದ ಹಸಿಹಿಮಕ್ಕೆ ಸರಿ. ಹದಗೊಳಿಸಿದ ಗಟ್ಟಿ ಹಾದಿಯಲ್ಲಿ ಅದನ್ನು ಅಂಚಿನ ಮೇಲೆ ನಿಲ್ಲಿಸಲು ಹೆಚ್ಚು ಬಲ ಬೇಕು. ಕೋಲನ್ನು ತಲೆಕೆಳಗಾಗಿಸಿ ಬಿಲ್ಲೆಯ ಕೆಳಗೆ ಹಿಡಿದಾಗ ಮೊಣಕೈ ಲಂಬಕೋನದಲ್ಲಿರಬೇಕು. ಗಿಡ್ಡ ಕೋಲು ದಿನವಿಡೀ ಬೆನ್ನನ್ನು ಬಾಗಿಸಿಯೇ ಇಡುತ್ತದೆ. ಬೆನ್ನಿಗೆ ಕಟ್ಟುವ ರಕ್ಷಾಕವಚವು ಬಿದ್ದಾಗಿನ ಪೆಟ್ಟನ್ನು ತಗ್ಗಿಸಬಲ್ಲದು. ಹಳೆಯ ನೋವಿಗೆ ಅದು ಮದ್ದಲ್ಲ, ತಿರುಚುವಿಕೆಯನ್ನು ತಡೆಯುವುದೂ ಇಲ್ಲ.

ಎಲ್ಲಕ್ಕಿಂತ ಸೂಕ್ಷ್ಮವಾದುದು ಬೈಂಡಿಂಗ್, ಅಂದರೆ ಬೂಟನ್ನು ಹಲಗೆಗೆ ಹಿಡಿದಿಡುವ ಕೊಂಡಿ. ಬೀಳುವಾಗ ಅದು ತಾನಾಗಿ ಬಿಟ್ಟುಕೊಡಬೇಕು; ಜಾರುತ್ತಿರುವಾಗ ಬಿಟ್ಟುಕೊಡಬಾರದು. ಎಷ್ಟು ಬಲಕ್ಕೆ ಬಿಡಬೇಕೆಂಬ ಅಂಕವನ್ನು ಐದು ಸಂಗತಿಗಳಿಂದ ನಿರ್ಣಯಿಸುತ್ತಾರೆ: ತೂಕ, ಎತ್ತರ, ವಯಸ್ಸು, ಬೂಟಿನ ತಳದ ಉದ್ದ ಮತ್ತು ಆಡುವ ಬಗೆ. ಮೆಲ್ಲಗೆ, ಎಚ್ಚರದಿಂದ ಜಾರುವವರು ಮೊದಲನೆಯ ವರ್ಗ. ವೇಗವಾಗಿ ಕಡಿದಾದ ಇಳಿಜಾರಿಗೆ ಹೋಗುವವರು ಮೂರನೆಯ ವರ್ಗ. 50 ವರ್ಷ ತುಂಬಿದವರಿಗೆ ಅಂಕವನ್ನು ತಗ್ಗಿಸುತ್ತಾರೆ. ಇಲ್ಲಿ ಜನರು ಎಡವುತ್ತಾರೆ. ವಯಸ್ಸನ್ನು ನಾಲ್ಕು ವರ್ಷ ಇಳಿಸಿ, ಕಲಿತದ್ದನ್ನು ಒಂದು ಮೆಟ್ಟಿಲು ಏರಿಸಿ ಬರೆಯುವವರಿದ್ದಾರೆ. ಆಗ ಕೊಂಡಿ ಬಿಡಬೇಕಾದ ಹೊತ್ತಿಗೆ ಬಿಡುವುದಿಲ್ಲ. ಸಿಕ್ಕಿಕೊಂಡ ಹಲಗೆಯೊಡನೆ ಕಾಲು ತಿರುಚುತ್ತದೆ, ಅದರ ಹಿಂದೆಯೇ ಸೊಂಟವೂ. ಭಯದಿಂದ ತಾವೇ ಅಂಕವನ್ನು ತೀರ ಇಳಿಸಿಕೊಳ್ಳುವುದೂ ಅಪಾಯವೇ; ತಿರುವಿನ ನಡುವೆ ಹಲಗೆ ಕಳಚಿದರೆ ಅನಿರೀಕ್ಷಿತವಾಗಿ ಬೀಳಬೇಕಾಗುತ್ತದೆ. ಕೊಂಡಿಯು ಮುಖ್ಯವಾಗಿ ಕಾಪಾಡುವುದು ಮೊಣಕಾಲಿನ ಕೆಳಗಿನ ಎಲುಬನ್ನು, ಬೆನ್ನನ್ನಲ್ಲ ಎಂಬುದೂ ನೆನಪಿರಲಿ. ಅದನ್ನು ಹೊಂದಿಸುವ ಕೆಲಸ ಅಂಗಡಿಯ ತಂತ್ರಜ್ಞನದು. ಅವನಿಗೆ ನಿಜವನ್ನು ಹೇಳುವ ಕೆಲಸ ಬಾಡಿಗೆಗೆ ಪಡೆಯುವವನದು. ಬೆನ್ನುನೋವನ್ನು ಈ ಐದು ಸಂಗತಿಗಳಲ್ಲಿ ಯಾವುದೂ ಕೇಳುವುದಿಲ್ಲ. ಕೇಳದಿದ್ದರೂ ಹೇಳಬೇಕು.

ಹೇಳುವುದಕ್ಕೆ ಭಾಷೆಯೇ ಅಡ್ಡಿಯಾಗಬಹುದು. ಅಲ್ಲಿ ಕೈಗೆ ಬರುವ ಅರ್ಜಿ ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ಇದ್ದೀತು, ಕನ್ನಡದಲ್ಲಂತೂ ಇರುವುದಿಲ್ಲ. ಅರ್ಥವಾಗದ ಭಾಷೆಯ ಕಾಗದಕ್ಕೆ ಸಂಕೋಚದಿಂದ ಸಹಿ ಹಾಕುವ ಕಷ್ಟ ಗಡಿನಾಡಿನ ಕನ್ನಡಿಗರಿಗೆ ಹೊಸದೇನಲ್ಲ. ಸರಕಾರಿ ಕಚೇರಿಗಳ ಕಿಟಕಿಗಳ ಮುಂದೆ ಅದು ನಿತ್ಯದ ಅನುಭವ. ಕನ್ನಡ ಮಾಧ್ಯಮದಲ್ಲಿ ಓದುವ ಮಗು ಅರ್ಜಿಯನ್ನು ಸಾಲುಸಾಲಾಗಿ ಓದಿ ತಂದೆತಾಯಿಗೆ ಕನ್ನಡದಲ್ಲಿ ತಿಳಿಸಿದರೆ ಅದಕ್ಕಿಂತ ಒಳ್ಳೆಯ ಪಾಠ ಬೇರೆ ಬೇಕಿಲ್ಲ. ಗೊತ್ತಾಗದ ಸಾಲಿನ ಅರ್ಥವನ್ನು ಕೇಳಿ ತಿಳಿಯುವುದರಲ್ಲಿ ಅವಮಾನವಿಲ್ಲ.

ಅರ್ಜಿಯ ಕೊನೆಯಲ್ಲಿ, ಏನಾದರೂ ಆದರೆ ನಾವು ಹೊಣೆಯಲ್ಲ ಎಂಬ ಸಾಲು ಸಾಮಾನ್ಯ. ಅದಕ್ಕೆ ಸಹಿ ಹಾಕಿದ ಮಾತ್ರಕ್ಕೆ ಬಾಡಿಗೆಯವರ ನಿರ್ಲಕ್ಷ್ಯವೆಲ್ಲ ಮನ್ನಾ ಆಗುವುದಿಲ್ಲ. ಕೆಟ್ಟ ಕೊಂಡಿಯನ್ನು ಕೊಟ್ಟದ್ದು ಸೇವೆಯ ನ್ಯೂನತೆಯೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಮಿನ ಪ್ರಕಾರ ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಅದಕ್ಕಾಗಿ ಮತ್ತೆ ಕಾಶ್ಮೀರಕ್ಕೆ ಹೋಗಬೇಕಾಗಿಲ್ಲ. ದೂರಿಗೆ ಎರಡು ವರ್ಷಗಳ ಅವಧಿಯಿದೆ. ಆದುದರಿಂದ ರಸೀದಿಯನ್ನೂ ಅರ್ಜಿಯ ಒಂದು ಫೋಟೋವನ್ನೂ ಕಾದಿರಿಸಿಕೊಳ್ಳಬೇಕು. ಅದೇ ಅರ್ಜಿಯಲ್ಲಿ ಗ್ರಾಹಕನು ವಯಸ್ಸನ್ನೂ ಅನುಭವವನ್ನೂ ತಪ್ಪಾಗಿ ಬರೆದಿದ್ದರೆ ಆಯೋಗದ ಮುಂದೆ ಅವನ ಮಾತು ತೂಕ ಕಳೆದುಕೊಳ್ಳುತ್ತದೆ. ಅರ್ಜಿಯಲ್ಲಿ ಬರೆದ ನಿಜವು ಇಳಿಜಾರಿನಲ್ಲಿ ಮೈಯನ್ನೂ ಆಯೋಗದಲ್ಲಿ ಹಕ್ಕನ್ನೂ ಕಾಯುತ್ತದೆ.

ಅಂಗಡಿಯಲ್ಲಿ ಹೇಳಬೇಕಾದುದು ಇಷ್ಟೇ: ತನಗೆ ಬೆನ್ನುನೋವಿದೆ, ತಾನು ಹೊಸಬ, ಮೆದುವಾದ ಬೂಟು, ಗಿಡ್ಡ ಹಲಗೆ, ಮೊದಲನೆಯ ವರ್ಗದ ಕೊಂಡಿ ಬೇಕು. ಬೂಟು ತೊಟ್ಟು ಕಾಲುಗಂಟೆ ಅಲ್ಲೇ ಓಡಾಡಿ ನೋಡಬೇಕು. ಒತ್ತಿದರೆ ನಾಚದೆ ಬದಲಾಯಿಸಿಕೊಳ್ಳಬೇಕು. ಹಲಗೆಗಳನ್ನು ಹೊರಲು ಬೇರೆಯವರ ನೆರವು ಪಡೆಯಬೇಕು. ಮೊದಲ ದಿನ ಒಂದೆರಡು ಗಂಟೆ ಸಾಕು. ಬೆನ್ನು ಸಾಕೆಂದಾಗ ಬೂಟು ಬಿಚ್ಚಿ, ಮಕ್ಕಳು ಜಾರುವುದನ್ನು ನೋಡುತ್ತ ಬಿಸಿ ಚಹಾ ಕುಡಿದರೂ ಕೊಟ್ಟ ಬಾಡಿಗೆ ವ್ಯರ್ಥವಲ್ಲ. ಮರುದಿನವೂ ಇಳಿಜಾರು ಅಲ್ಲಿಯೇ ಇರುತ್ತದೆ.