‘ಅದು ಹಾಗೇ ತೋರಿಸ್ತದೆ’ ಅನ್ನಬೇಡಿ



ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಒಂದು ಸ್ಪ್ರಿಂಗ್ ತಕ್ಕಡಿ ಇದೆ. ಏನೂ ತೂಗುಹಾಕದಿದ್ದರೂ ಅದರ ಮುಳ್ಳು ಸೊನ್ನೆಯಲ್ಲಿ ನಿಲ್ಲುವುದಿಲ್ಲ. ಮೊನ್ನೆ ಯಾಕೆಂದು ಕೇಳಿದರೆ ಒಂಬತ್ತನೆಯ ತರಗತಿಯ ಹುಡುಗನೊಬ್ಬ, “ಅದು ಹಾಗೇ ಸರ್, ಮೊದಲಿಂದಲೂ ಹಾಗೇ ತೋರಿಸ್ತದೆ” ಅಂದ. ತಪ್ಪು ಅವನದಲ್ಲ. ಕೆಟ್ಟ ತಕ್ಕಡಿಯನ್ನು ಸರಿಪಡಿಸದೆ ಕಪಾಟಿಗೆ ಸೇರಿಸಿದವರು ನಾವು ಮೇಷ್ಟ್ರುಗಳೇ. ಆದರೆ ಈ ‘ಅದು ಹಾಗೇ’ ಎಂಬ ಮಾತು ಎಲ್ಲಿಯವರೆಗೆ ಹೋಗಬಲ್ಲದು, ಗೊತ್ತಾ?

ಇಂಗ್ಲೆಂಡಿನ ಬನ್ಸ್‌ಫೀಲ್ಡ್ ಎಂಬಲ್ಲಿ ದೊಡ್ಡದೊಂದು ಇಂಧನ ಸಂಗ್ರಹಾಗಾರವಿತ್ತು. 2005ರ ಡಿಸೆಂಬರ್ 10ರ ರಾತ್ರಿ ಅಲ್ಲಿನ ಒಂದು ಟ್ಯಾಂಕಿಗೆ ಪೆಟ್ರೋಲ್ ತುಂಬುತ್ತಿತ್ತು. ಬೆಳಗಿನ ಜಾವ ಮೂರು ಗಂಟೆಯ ಸುಮಾರಿಗೆ ಮಟ್ಟ ತೋರಿಸುವ ಮಾಪಕ ಸಿಕ್ಕಿಹಾಕಿಕೊಂಡಿತು. ಟ್ಯಾಂಕಿನೊಳಗೆ ಪೆಟ್ರೋಲ್ ಏರುತ್ತಲೇ ಇತ್ತು, ಪರದೆಯ ಮೇಲಿನ ಅಂಕಿ ಮಾತ್ರ ಅಲ್ಲಾಡಲಿಲ್ಲ. ಎಚ್ಚರಿಕೆಯ ಗಂಟೆ ಇರಲಿಲ್ಲವೇ? ಇತ್ತು. ಆದರೆ ಅದೂ ಅದೇ ಮಾಪಕವನ್ನು ನಂಬಿಕೊಂಡಿತ್ತು. ಟ್ಯಾಂಕು ತುಂಬಿದಾಗ ತಾನಾಗಿ ಹರಿವು ನಿಲ್ಲಿಸಲೆಂದು ಪ್ರತ್ಯೇಕ ಸ್ವಿಚ್ಚೂ ಒಂದಿತ್ತು. ಅದು ಕೆಲಸ ಮಾಡಬೇಕಾದರೆ ಅದರ ಸನ್ನೆಗೆ ಒಂದು ಬೀಗ ಹಾಕಿರಬೇಕಿತ್ತು. ಆ ಬೀಗವನ್ನು ಹಾಕಿರಲಿಲ್ಲ.

ಪೆಟ್ರೋಲ್ ಉಕ್ಕಿ ಹರಿದು ಆವಿಯ ಮೋಡವಾಯಿತು. ಬೆಳಿಗ್ಗೆ ಆರಕ್ಕೆ ಸ್ಫೋಟ. 20ಕ್ಕೂ ಹೆಚ್ಚು ಟ್ಯಾಂಕುಗಳು ಹಲವು ದಿನ ಉರಿದವು. 43 ಮಂದಿ ಗಾಯಗೊಂಡರು. ಅಂದು ಭಾನುವಾರ, ಸುತ್ತಲಿನ ಕಚೇರಿಗಳು ಖಾಲಿ. ಹಾಗಾಗಿ ಯಾರೂ ಸಾಯಲಿಲ್ಲ.

ತನಿಖೆ ಮಾಡಿದವರಿಗೆ ತಿಳಿದದ್ದೇನು? ಆಗಸ್ಟ್ ಕೊನೆಯಿಂದ ಆ ದಿನದವರೆಗೆ ಆ ಮಾಪಕ 14 ಸಲ ಸಿಕ್ಕಿಹಾಕಿಕೊಂಡಿತ್ತು! ಪ್ರತಿ ಸಲವೂ ಹೇಗೋ ಬಿಡಿಸಿ ಕೆಲಸ ಮುಂದುವರಿಸಿದ್ದರು. ಯಾಕೆ ಹೀಗಾಗ್ತದೆ ಎಂದು ಬುಡದವರೆಗೆ ಹೋಗಿ ನೋಡಿದವರಿಲ್ಲ.

ಇದಕ್ಕೆ ಉಲ್ಟಾ ಕೂಡ ಆಗುತ್ತದೆ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಕಾರ್ಖಾನೆಯಲ್ಲಿ ವಿಷಾನಿಲದ ಟ್ಯಾಂಕಿನ ಒತ್ತಡ ಏರಿದ್ದನ್ನು ಮಾಪಕ ತೋರಿಸಿತ್ತು. ಆದರೆ ಅಲ್ಲಿನ ಮಾಪಕಗಳು ಪದೇ ಪದೇ ಕೆಡುತ್ತಿದ್ದುದರಿಂದ ಕೆಲಸಗಾರರಿಗೆ ಅವುಗಳ ಮೇಲೆ ನಂಬಿಕೆ ಹೋಗಿತ್ತು. ಆ ದುರಂತಕ್ಕೆ ಬೇರೆ ಕಾರಣಗಳೂ ಹಲವಿದ್ದವು, ನಿಜ. ಆದರೂ ನೋಡಿ: ಕೆಟ್ಟ ಮಾಪಕ ಸುಳ್ಳು ಹೇಳಿದಾಗ ನಂಬಿ ಕೆಡುತ್ತೇವೆ, ನಿಜ ಹೇಳಿದಾಗ ನಂಬದೆ ಕೆಡುತ್ತೇವೆ.

ಶಾಲೆಯ ತಕ್ಕಡಿಯಿಂದ ಯಾರೂ ಸಾಯುವುದಿಲ್ಲ ಅಂತೀರಾ? ಸರಿ. ಆದರೆ ಅಭ್ಯಾಸ ಬೆಳೆಯುವುದು ಇಲ್ಲೇ. ನಾಳೆ ಹೊಸೂರಿನ ಕಾರ್ಖಾನೆಯಲ್ಲೋ ಸೊಲ್ಲಾಪುರದ ಗಿರಣಿಯಲ್ಲೋ ಮಂಗಳೂರಿನ ತೈಲ ಶುದ್ಧೀಕರಣ ಘಟಕದಲ್ಲೋ ಮಾಪಕದ ಮುಂದೆ ಕೂರುವವರು ನೀವೇ.

ಆದ್ದರಿಂದ ಪ್ರಯೋಗಕ್ಕೆ ಮೊದಲು ಸೊನ್ನೆ ನೋಡಿ. ಥರ್ಮಾಮೀಟರಿನ ಮೇಲೆ ಅನುಮಾನವೇ? ಕರಗುತ್ತಿರುವ ಮಂಜುಗಡ್ಡೆಯಲ್ಲಿಡಿ, 0 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು. ತೋರಿಸದಿದ್ದರೆ ಅದಕ್ಕೊಂದು ಚೀಟಿ ಅಂಟಿಸಿ, ದಿನಾಂಕ ಬರೆದು, ಮೇಷ್ಟ್ರಿಗೆ ಹೇಳಿ. ಅವರು ಮರೆತರೆ ಮತ್ತೆ ಹೇಳಿ. ಮುಖ್ಯವಾಗಿ, ಪುಸ್ತಕದ ಉತ್ತರಕ್ಕೆ ಹೊಂದುವ ಹಾಗೆ ಅಂಕಿ ತಿದ್ದಬೇಡಿ, ಕಂಡದ್ದನ್ನೇ ಬರೆಯಿರಿ.

ಹಾಗೆ ಬರೆದವರ ಅಂಕ ಕತ್ತರಿಸದಿರುವುದು ನಮ್ಮ ಕೆಲಸ. ಆ ತಕ್ಕಡಿಯನ್ನು ಈ ವಾರವೇ ಕಪಾಟಿನಿಂದ ಹೊರಗೆ ತೆಗೆಯುತ್ತೇನೆ.