ಅಳಿವೆಯ ನೀರೂ ಕಲ್ವದ ಸಾಕಣೆಯೂ

ಅಮೆರಿಕ ಸಂಯುಕ್ತ ಸಂಸ್ಥಾನದ ಪೂರ್ವ ಕರಾವಳಿಯಲ್ಲಿರುವ ಚೆಸಪೀಕ್ ಕೊಲ್ಲಿಯು ಅನೇಕ ನದಿಗಳು ಕಡಲನ್ನು ಕೂಡುವ ಬಹು ವಿಸ್ತಾರವಾದ ಅಳಿವೆಯಾಗಿದೆ. ಬೆಳೆಯು ಹೀರದೆ ಉಳಿದ ಗೊಬ್ಬರದ ಸಾರವೂ ಪಟ್ಟಣಗಳ ಕೊಳಚೆಯೂ ಹರಿದುಬಂದು ಅದನ್ನು ಸೇರುತ್ತವೆ. ಇದರಿಂದ ಪಾಚಿಯು ಮಿತಿಮೀರಿ ಬೆಳೆದು, ಸತ್ತು ಕೊಳೆಯುವಾಗ ನೀರಿನಲ್ಲಿರುವ ಪ್ರಾಣವಾಯುವು ಕುಂದಿ ಮೀನುಗಳು ನಾಶವಾಗುತ್ತವೆ.

ಇದಕ್ಕೆ ಅಲ್ಲಿಯವರು ಕೈಕೊಂಡ ಉಪಾಯಗಳಲ್ಲಿ ಕಲ್ವಗಳನ್ನು ಬೆಳೆಸುವುದೂ ಒಂದು. ಬಲಿತ ಕಲ್ವವೊಂದು ಅನುಕೂಲವಾದ ಋತುವಿನಲ್ಲಿ ದಿನವೊಂದಕ್ಕೆ 50 ಗ್ಯಾಲನ್‌ಗಳವರೆಗೆ ನೀರನ್ನು ಸೋಸಿ ಪಾಚಿಯನ್ನು ತಿನ್ನುವುದು. ಪಾಚಿಯಲ್ಲಿದ್ದ ಸಾರಜನಕದ ಒಂದಂಶವು ಅದರ ಮಾಂಸದಲ್ಲಿಯೂ ಚಿಪ್ಪಿನಲ್ಲಿಯೂ ಸೇರಿ, ಕಲ್ವವನ್ನು ತೆಗೆದಾಗ ನೀರಿನಿಂದ ಹೊರಬೀಳುವುದು. 2015ರ ವೇಳೆಗೆ ಹ್ಯಾರಿಸ್ ಕ್ರೀಕ್ ಎಂಬ ಉಪನದಿಯೊಂದರಲ್ಲಿಯೇ ಸುಮಾರು 350 ಎಕರೆಗಳಷ್ಟು ಕಲ್ವದ ದಿಬ್ಬಗಳನ್ನು ಸಿದ್ಧಪಡಿಸಲಾಯಿತು.

ಆದರೆ ಕಲ್ವವನ್ನೇ ನೆಚ್ಚಿ ಕುಳಿತುಕೊಳ್ಳುವುದು ಯುಕ್ತವಲ್ಲ. ಮೇಲಿನಿಂದ ಕೊಳೆಯು ಹರಿಯುತ್ತಿರಲು ಕೆಳಗೆ ಸೋಸುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೇ ಸರಿ. ಆದುದರಿಂದಲೇ 2010ರಲ್ಲಿ ಅಲ್ಲಿನ ಕೇಂದ್ರ ಸರ್ಕಾರವು ಕೊಲ್ಲಿಗೆ ನೀರೊದಗಿಸುವ 6 ಸಂಸ್ಥಾನಗಳಿಗೂ ರಾಜಧಾನಿಗೂ ಸಾರಜನಕ, ರಂಜಕ ಮತ್ತು ಹೂಳಿನ ಮಿತಿಯನ್ನು ಗೊತ್ತುಪಡಿಸಿತು. ಇದಲ್ಲದೆ, ಕೊಳಚೆನೀರಿನಲ್ಲಿ ಬೆಳೆದ ಕಲ್ವವು ರೋಗಾಣುಗಳನ್ನು ತನ್ನಲ್ಲಿ ಕೂಡಿಟ್ಟುಕೊಳ್ಳುವುದರಿಂದ ಆಹಾರಕ್ಕೆ ಯೋಗ್ಯವಲ್ಲ.

ಕಾಳಿ, ಅಘನಾಶಿನಿ ಮೊದಲಾದ ಕನ್ನಡ ಕರಾವಳಿಯ ಅಳಿವೆಗಳಲ್ಲಿಯೂ ಕಲ್ವಗಳುಂಟು. ಅವುಗಳನ್ನು ಕಾಪಾಡಿ ಬೆಳೆಸುವುದು ಹಿತಕರವೇ. ಆದರೆ ಹಣ ತೆತ್ತು ತಂದ ಗೊಬ್ಬರವು ಹೊಳೆಯ ಪಾಲಾಗದಂತೆ ಅಳತೆಯರಿತು ಹಾಕುವುದೂ, ಬದುಗಳನ್ನು ಭದ್ರಪಡಿಸುವುದೂ, ಊರ ಕೊಳಚೆಯನ್ನು ಹೊಳೆಗೆ ಬಿಡದಿರುವುದೂ ಅದಕ್ಕಿಂತ ಮೊದಲು ಆಗತಕ್ಕ ಕೆಲಸಗಳು. ಜಮೀನುದಾರರೂ ಗ್ರಾಮದ ಮುಖಂಡರೂ ಮನಸ್ಸು ಮಾಡಿದರೆ ಇವು ಅಸಾಧ್ಯವಲ್ಲ.